ಕಿರೀಟದ ತುದಿಯ ಅರಿಶಿನ

"ಗುರುಗಳೇ, ಶ್ರುತಿ ತಪ್ಪಿ ಹಾಡುವವರನ್ನು ಸುಮ್ಮನಿರಿಸುವುದು ತಪ್ಪೇ?" ಎಂದು ಚೆಲುವಯ್ಯ ಕೇಳಿದ.

ಮಠದಲ್ಲಿ ಸಂಜೆಯ ಭಜನೆ ನಡೆಸುವ ಹೊಣೆ ಈ ಶಿಷ್ಯನದು. ನಾಲ್ಕು ಜನ ತೂಕಡಿಸುತ್ತ ಗೊಣಗುತ್ತಿದ್ದ ಭಜನೆಯನ್ನು ದಾರಿಹೋಕರೂ ನಿಂತು ಕೇಳುವ ಹಾಗೆ ಮಾಡಿದವನು ಅವನೇ. ಅದರಲ್ಲಿ ಒಂದು ದನಿ ಮಾತ್ರ ಅವನ ಕಿವಿಗೆ ಚುಚ್ಚುತ್ತಿತ್ತು. ದೊಡ್ಡತಾಯಮ್ಮ ಎಂಬ ಮುದುಕಿ ಎಲ್ಲರಿಗಿಂತ ಮುಂಚೆ ಎತ್ತಿಕೊಂಡು, ಎಲ್ಲರೂ ಮುಗಿಸಿದ ಮೇಲೆ ಮುಗಿಸುತ್ತಿದ್ದರು. ನಡುವೆ ಎಲ್ಲೆಲ್ಲಿಗೆ ಹೋಗಿ ಬರುತ್ತಿದ್ದರೋ ಆ ದೇವರಿಗೇ ಗೊತ್ತು.

"ನಿನ್ನೆ ಅವರಿಗೆ ಹೇಳಿದೆ. ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ, ಕೈಮುಗಿದು ಕೇಳಿ, ಹಾಡುವುದು ಮಾತ್ರ ಬೇಡ ಅಂತ. ಪಾಪ, ಒಂದು ಮಾತೂ ಆಡದೆ ಒಪ್ಪಿಕೊಂಡರು. ನಿನ್ನೆಯ ಭಜನೆ ಎಷ್ಟು ಚೆನ್ನಾಗಿ ಕೂತಿತು ಗುರುಗಳೇ. ಆದರೂ ತಮ್ಮನ್ನು ಒಂದು ಮಾತು ಕೇಳಿಬಿಡೋಣ ಅನ್ನಿಸಿತು."

"ಒಪ್ಪಿಕೊಂಡರೇ?" ಎಂದರು ಗುರುಗಳು. "ಹಾಗಾದರೆ ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ನಿನಗೆ ಆ ಚಟ ಇದೆ."

ಚೆಲುವಯ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವರ್ತಕನಿದ್ದ. ಒಳ್ಳೆಯವನು. ಅಳತೆಯಲ್ಲಿ ಮೋಸ ಮಾಡಿದವನಲ್ಲ, ಯಾರ ಮೇಲೂ ದನಿ ಎತ್ತಿದವನಲ್ಲ. ಅವನಿಗಿದ್ದದ್ದು ಒಂದೇ ಹುಚ್ಚು, ಗೊಂಬೆಮನೆ. ನವರಾತ್ರಿ ಬಂದರೆ ಊರಿನವರೆಲ್ಲ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಿದ್ದರು. ಈತ ಮೆಟ್ಟಿಲುಗಳನ್ನು ಅಟ್ಟಕ್ಕೆ ಹಾಕಿ, ಆ ಜಾಗದಲ್ಲಿ ತಾನೇ ಮಾಡಿದ ಒಂದು ಮರದ ಮನೆಯನ್ನು ನಿಲ್ಲಿಸಿದ್ದ. ಅದಕ್ಕೆ ಮುಂದಿನ ಗೋಡೆ ಇರಲಿಲ್ಲ. ಒಳಗಿನ ಕೋಣೆಗಳು ನೋಡುವವರ ಕಣ್ಣಿಗೆ ಬೀಳಬೇಕಲ್ಲ.

ಹಬ್ಬ ಒಂಬತ್ತೇ ದಿನ, ಅವನ ಕೆಲಸ ವರ್ಷವಿಡೀ. ಅಂಗಡಿಯಲ್ಲಿ ಉಳಿದ ರೇಷ್ಮೆಯ ಚೂರು ಆ ಮನೆಯ ಬಾಗಿಲಿಗೆ ಪರದೆಯಾಯಿತು. ಹೆಂಡತಿಯ ಹಳೆಯ ಓಲೆಯ ಸರಪಣಿ ಉಯ್ಯಾಲೆಗೆ ಹೋಯಿತು. ಅಡುಗೆಮನೆಯಲ್ಲಿ ನಿಂಬೆಹಣ್ಣಿನ ಗಾತ್ರದ ಹಿತ್ತಾಳೆಯ ಕೊಡಗಳು, ಬಳಪದ ಕಲ್ಲಿನಲ್ಲಿ ಕೆತ್ತಿದ ಒರಳು. ನೆಲಕ್ಕೆ ಕಾವಿ ಬಳಿದು ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡಿದ್ದ. ಎಲ್ಲಕ್ಕಿಂತ ಹೆಚ್ಚಿನದು ನಡುಮನೆಯ ಚಾವಣಿ. ಅದರ ತುಂಬ ಬಳ್ಳಿ, ಬಳ್ಳಿಯ ಮೇಲೆ ಗಿಳಿಗಳು. ಹಲಗೆಯನ್ನು ಜೋಡಿಸುವ ಮೊದಲೇ ಆರಾಮಾಗಿ ಕೂತು ಬರೆಯಬಹುದಿತ್ತು. ನಿಜವಾದ ಮನೆಯಲ್ಲಿ ಯಾರಾದರೂ ಹಾಗೆ ಬರೆಯುತ್ತಾರೆಯೇ ಎಂದು ಹಟ ಹಿಡಿದು, ತಲೆಯನ್ನು ಒಳಗೆ ತೂರಿಸಿ ಅಂಗಾತ ಮಲಗಿಯೇ ಬರೆದ. ಒಂದು ಮಳೆಗಾಲವೇ ಹಿಡಿಯಿತು. ಕತ್ತು ಸೆಟೆದುಕೊಂಡದ್ದು ಸರಿಹೋಗಲು ಇನ್ನಷ್ಟು ಕಾಲ ಬೇಕಾಯಿತು.

"ನಮ್ಮ ಬಚ್ಚಲಮನೆಯ ಬಾಗಿಲು ಮುಚ್ಚುವುದಿಲ್ಲ, ಆ ಗೊಂಬೆಮನೆಗೆ ಮಾತ್ರ ಬೆಳ್ಳಿಯ ಚಿಲಕ" ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಅವನು ನಕ್ಕು ಕುಂಚ ತೊಳೆಯಲು ಹೋಗುತ್ತಿದ್ದ.

ಅಷ್ಟೆಲ್ಲ ಇದ್ದೂ ಆ ಮನೆಯಲ್ಲಿ ಒಂದು ಗೊಂಬೆಯೂ ಇರಲಿಲ್ಲ. ಯಾರಾದರೂ ಕೇಳಿದರೆ, ಮನೆ ಇನ್ನೂ ಮುಗಿದಿಲ್ಲ ಎನ್ನುತ್ತಿದ್ದ. ನಿಜವಾದ ಸಂಗತಿ ಬೇರೆ. ಯಾವ ಗೊಂಬೆಯನ್ನು ಎಲ್ಲಿ ಇಟ್ಟರೂ ಅದರ ಹಿಂದಿನ ಕುಸುರಿ ಮುಚ್ಚಿಹೋಗುತ್ತದೆ ಎಂಬ ಸಂಕಟ ಅವನದು.

ಹೀಗಿರುವಾಗ ಅವನ ಮಗನಿಗೆ ಮದುವೆಯಾಯಿತು. ಮನೆಗೆ ಸೊಸೆ ಬಂದಳು. ಬಾಯಿ ಬಲು ಜೋರು, ಮನಸ್ಸು ಹಾಲಿನಂಥದು. ಬಂದ ಹೊಸತರಲ್ಲೇ ಗೊಂಬೆಮನೆಯ ಮುಂದೆ ಕೂತು, ಒಂದೊಂದು ಕೋಣೆಯನ್ನೂ ನೋಡಿ, "ಮಾವ, ನಿಮ್ಮ ಅಡುಗೆಮನೆಯಲ್ಲಿ ಹೊಗೆ ಎಲ್ಲಿಂದ ಹೋಗಬೇಕು? ಒಲೆ ಹಚ್ಚಿದರೆ ಒಳಗಿರುವವಳು ಕೆಮ್ಮಿ ಕೆಮ್ಮಿ ಸಾಯುತ್ತಾಳೆ" ಎಂದಳು.

ಅದುವರೆಗೆ ನೋಡಿದವರೆಲ್ಲ ಹೊಗಳಿದ್ದರೇ ಹೊರತು ಒಬ್ಬರಿಗೂ ಇದು ಹೊಳೆದಿರಲಿಲ್ಲ. ವರ್ತಕ ಬಿದ್ದು ಬಿದ್ದು ನಕ್ಕ. ಅಂದೇ ಕೂತು ಗೋಡೆಯಲ್ಲಿ ಹೊಗೆಗಂಡಿ ಕೊರೆದ. ಅತ್ತೆಯ ಸಾರಿಗೆ ಹುಳಿ ಸಾಲದು ಎಂದು ಸೊಸೆ ಮುಖಕ್ಕೇ ಹೇಳುತ್ತಿದ್ದಳು. ಮಾವ ಉಟ್ಟ ಪಂಚೆಯ ಅಂಚು ಚೆನ್ನಾಗಿಲ್ಲ, ಜವಳಿ ವ್ಯಾಪಾರಿಗೆ ಇದು ಒಪ್ಪುವುದಿಲ್ಲ ಎನ್ನುತ್ತಿದ್ದಳು. ನಮ್ಮ ಮನೆಗೆ ಈಗ ಜೀವ ಬಂತು ಎಂದು ವರ್ತಕ ಸಿಕ್ಕ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಮೊದಲ ನವರಾತ್ರಿ ಹತ್ತಿರವಾಯಿತು. ಸೊಸೆ ತನ್ನ ಪೆಟ್ಟಿಗೆ ತೆರೆದು ಪಟ್ಟದ ಗೊಂಬೆಗಳನ್ನು ಹೊರತೆಗೆದಳು. ಮಗಳು ಗಂಡನ ಮನೆಗೆ ಹೊರಟಾಗ ತಾಯಿ ಕೊಟ್ಟು ಕಳಿಸುವ ರಾಜರಾಣಿಯರ ಜೋಡಿ ಅದು. ಹೊಸದಾಗಿ ಕೊಂಡದ್ದಲ್ಲ. ಅವಳ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಇವಳಿಗೆ ಬಂದದ್ದು. ಮನೆಯಲ್ಲಿ ಬೇರೆ ಗೊಂಬೆಗಳು ಎಷ್ಟೇ ಇರಲಿ, ಮೊದಲು ಕೂರಬೇಕಾದವು ಇವೇ.

"ಎಲ್ಲಿ ಕೂರಿಸಲಿ ಮಾವ?" ಎಂದಳು.

ವರ್ತಕನ ಕಣ್ಣರಳಿತು. ಅವನ ಮನೆಗೆ ಗೊಂಬೆ ಬೇಕೆಂದು ಅವನಿಗೆ ಅನ್ನಿಸಿದ್ದು ಅದೇ ಮೊದಲು. "ನಡುಮನೆಯಲ್ಲಿ ತಾಯಿ, ಇನ್ನೆಲ್ಲಿ? ಮನೆಗೆ ಯಜಮಾನರು ಬಂದ ಹಾಗಾಯಿತು" ಎಂದ.

ಹಬ್ಬದ ಹಿಂದಿನ ದಿನ ಹೆಂಗಸರು ಹೂವು ಹಣ್ಣು ತರಲು ಪೇಟೆಗೆ ಹೋದಾಗ ವರ್ತಕ ಗೊಂಬೆಗಳನ್ನು ಇಟ್ಟು ನೋಡಿದ. ರಾಣಿ ಸರಿಯಾಗಿ ನಿಂತಳು. ರಾಜನ ಕಿರೀಟ ಚಾವಣಿಗೆ ತಗುಲಿತು. ಓರೆ ಮಾಡಿದ, ಹಿಂದೆ ಸರಿಸಿದ, ಏನು ಮಾಡಿದರೂ ಅಷ್ಟೇ. ಮನೆಯ ಮುಂದೆ ಒಂದು ಹಲಗೆ ಇಟ್ಟು ನಿಲ್ಲಿಸಬಹುದಿತ್ತು. ಯಜಮಾನನನ್ನು ಬೀದಿಯಲ್ಲಿ ನಿಲ್ಲಿಸಿದ ಹಾಗಾಗುತ್ತದೆ ಎಂದು ಮನಸ್ಸು ಒಪ್ಪಲಿಲ್ಲ. ಚಾವಣಿಯನ್ನು ಕಿತ್ತು ಎತ್ತರಿಸಬಹುದಿತ್ತು. ಗಿಳಿಗಳನ್ನು ನೋಡಿದ, ಅದಕ್ಕಂತೂ ಮನಸ್ಸು ಸುತರಾಂ ಒಪ್ಪಲಿಲ್ಲ. ಕೊನೆಗೆ ರಾಜನನ್ನು ಕೈಯಲ್ಲಿ ಹಿಡಿದು ನೋಡಿದ. ಹೆಚ್ಚಾಗಿದ್ದದ್ದು ಉಗುರಿನಷ್ಟು ಉದ್ದ. ಸಾಲದ್ದಕ್ಕೆ ಕಿರೀಟದ ತುದಿಯಲ್ಲಿ ಹಳದಿ ಕಲೆ ಬೇರೆ. ಎಷ್ಟು ಕಾಲದ ಕೊಳೆಯೋ ಏನೋ ಎಂದುಕೊಂಡು ಸಣ್ಣ ಗರಗಸ ತಂದ.

ಇದನ್ನು ಅವನು ಕೆಟ್ಟ ಮನಸ್ಸಿನಿಂದ ಮಾಡಿದ ಅಂದುಕೊಳ್ಳಬೇಡ ಚೆಲುವಯ್ಯ. ಕೆಟ್ಟವನಾಗಿದ್ದರೆ ನಿನಗೆ ಈ ಕತೆ ಹೇಳುತ್ತಲೇ ಇರಲಿಲ್ಲ. ಮಗುವಿನ ಉಗುರು ತೆಗೆಯುವ ಹಾಗೆ ಉಸಿರು ಬಿಗಿಹಿಡಿದು ಕೊಯ್ದ. ಕೊಯ್ದ ಜಾಗವನ್ನು ನುಣ್ಣಗೆ ಉಜ್ಜಿ, ಬಣ್ಣ ಹಚ್ಚಿ, ಚಿನ್ನದ ರೇಕು ಅಂಟಿಸಿದ. ರಾಜ ಒಳಗೆ ಹೋಗಿ ನಿಂತ. ಸೊಸೆ ನೋಡಿ ಎಷ್ಟು ಹಿಗ್ಗುತ್ತಾಳೋ ಎಂದು ರಾತ್ರಿ ಅವನಿಗೆ ಸರಿಯಾಗಿ ನಿದ್ದೆಯೂ ಹತ್ತಲಿಲ್ಲ.

ಬೆಳಿಗ್ಗೆ ಸೊಸೆ ಮಿಂದು, ಬೆರಳಿಗೆ ಅರಿಶಿನ ಅದ್ದಿಕೊಂಡು ಬಂದಳು. ಅವಳ ತವರಿನ ಪದ್ಧತಿ ಅದು. ಮನೆಯ ಹೆಣ್ಣು ರಾಜನ ಕಿರೀಟದ ತುದಿಗೆ ಅರಿಶಿನ ಮುಟ್ಟಿಸಿದ ಮೇಲೆಯೇ ಹಬ್ಬ ಶುರು. ಅಜ್ಜಿ ಹಚ್ಚಿದ್ದಳು, ತಾಯಿ ಹಚ್ಚಿದ್ದಳು, ಹಚ್ಚಿ ಹಚ್ಚಿ ಬಣ್ಣ ಮರಕ್ಕೇ ಇಳಿದಿತ್ತು. ಚಿಕ್ಕಂದಿನಿಂದ ದೂರ ನಿಂತು ನೋಡಿದ್ದವಳಿಗೆ ಈ ಸಲ ತನ್ನದೇ ಸರದಿ.

ಅವಳ ಬೆರಳು ಗಿಳಿಗಳ ಕೆಳಗೆ ಹೋಗಿ ತಡವರಿಸಿತು. ರಾಜನ ತಲೆ ಮಟ್ಟಸವಾಗಿತ್ತು.

"ಸ್ವಲ್ಪವೇ ತೆಗೆದದ್ದು ತಾಯಿ" ಎಂದ ವರ್ತಕ. "ಹಳದಿ ಕಲೆ ಇತ್ತು, ಅದೂ ಹೋಯಿತು. ಈಗ ಈ ಮನೆಗೇ ಹೇಳಿ ಮಾಡಿಸಿದ ಹಾಗಿಲ್ಲವೇ?"

ಹೇಳುತ್ತಿದ್ದ ಹಾಗೆಯೇ ಅವಳ ಬೆರಳು ಅವನ ಕಣ್ಣಿಗೆ ಬಿತ್ತು. ಕಲೆ ಯಾವುದೆಂದು ತಿಳಿಯಿತು. ಅವಳು ಕೂಗಾಡಲಿ, ಅಳಲಿ, ಗೊಂಬೆಯನ್ನು ಎತ್ತಿ ತನ್ನ ಮೇಲೆ ಎಸೆಯಲಿ, ಏನು ಮಾಡಿದರೂ ತಾನು ತಲೆ ಬಗ್ಗಿಸಿ ನಿಲ್ಲುವುದೇ ಸರಿ ಎಂದು ಕಾದ.

"ಚೆನ್ನಾಗಿದೆ ಮಾವ" ಎಂದಳು ಸೊಸೆ. ಬೆರಳನ್ನು ಸೆರಗಿಗೆ ಒರೆಸಿಕೊಂಡು ಆರತಿಯ ತಟ್ಟೆ ತರಲು ಒಳಗೆ ಹೋದಳು.

ಆ ಗಳಿಗೆಯಲ್ಲೇ ತಪ್ಪಾಯಿತು ಎಂದು ಅವಳ ಹಿಂದೆ ಹೋಗಬಹುದಿತ್ತು. ಹೋಗಲಿಲ್ಲ. ಅವಳೇ ಚೆನ್ನಾಗಿದೆ ಅಂದಳಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಷ್ಟರಲ್ಲಿ ಜನ ಬಂದರು, ಮನೆ ಈಗ ಪೂರ್ತಿಯಾಯಿತು ಎಂದು ಬಾಯ್ತುಂಬ ಹೊಗಳಿದರು.

ಹಬ್ಬ ಮುಗಿಯಿತು. ಸೊಸೆ ಮುನಿಸಿಕೊಳ್ಳಲಿಲ್ಲ, ತವರಿಗೆ ಹೋಗುತ್ತೇನೆ ಎನ್ನಲಿಲ್ಲ, ಕೆಲಸದಲ್ಲಿ ಒಂದು ಚೂರೂ ಕಡಿಮೆ ಮಾಡಲಿಲ್ಲ. ಸಾರು ಹೇಗಿದೆ ಎಂದರೆ ಚೆನ್ನಾಗಿದೆ. ಯಾವ ಸೀರೆ ಬೇಕು ಎಂದರೆ ಯಾವುದಾದರೂ ಆಗುತ್ತದೆ. ಸೊಸೆ ಅಂದರೆ ಹೀಗಿರಬೇಕು, ಎಷ್ಟು ಬೇಗ ಹೊಂದಿಕೊಂಡಳು ಎಂದು ನೆರೆಯವರು ಕೊಂಡಾಡಿದರು. ಅದನ್ನು ಕೇಳಿದಾಗಲೆಲ್ಲ ವರ್ತಕ ಮಾತನ್ನು ಬೇರೆ ಕಡೆಗೆ ತಿರುಗಿಸುತ್ತಿದ್ದ. ಒಂದು ದಿನ ಬೇಕೆಂದೇ ಆ ಹೊಗೆಗಂಡಿಯನ್ನು ಜೇಡಿಮಣ್ಣಿನಿಂದ ಮುಚ್ಚಿ, ಅವಳು ಬರುವುದನ್ನೇ ಕಾಯುತ್ತ ಎದುರಿಗೆ ಕೂತ. ಅವಳು ಬಂದಳು. ಮುಚ್ಚಿದ್ದನ್ನು ನೋಡಿದಳು. ಧೂಳು ಒರೆಸಿ ಹೋದಳು.

ಮರುವರ್ಷದ ಹಬ್ಬಕ್ಕೆ ವರ್ತಕ ಅದೇ ಗರಗಸ ಹಿಡಿದು ನಡುಮನೆಯ ಚಾವಣಿಯನ್ನು ಕೊಯ್ದು ತೆಗೆದ. ಗಿಳಿಗಳು ಚೂರುಚೂರಾಗಿ ಕೆಳಗೆ ಬಿದ್ದವು, ಅವನಿಗೆ ಅದರ ಪರಿವೆಯೇ ಇರಲಿಲ್ಲ. ಸೊಸೆಯನ್ನು ಕರೆದು, "ತಾಯಿ, ನಿನ್ನ ರಾಜನಿಗೆ ಈಗ ಬೇಕಾದಷ್ಟು ಜಾಗವಿದೆ. ನಾನು ಮಾಡಿದ್ದು ದೊಡ್ಡ ತಪ್ಪು. ಒಂದು ಸಲ ನನ್ನನ್ನು ಬೈದುಬಿಡು" ಎಂದ.

"ತಪ್ಪೇನಿದೆ ಮಾವ? ಆಗಲೂ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ" ಎಂದಳು ಅವಳು. "ತಾವು ಎಲ್ಲಿ ಹೇಳಿದರೆ ಅಲ್ಲಿ ಕೂರಿಸುತ್ತೇನೆ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ವರ್ತಕ ತನ್ನ ಗೊಂಬೆಮನೆಯ ಮುಂದೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತ.

ಇಷ್ಟಕ್ಕೆ ಗುರುಗಳು ಕತೆ ಮುಗಿಸಿದರು. ಚೆಲುವಯ್ಯನಿಗೆ ತಡೆಯಲಾಗಲಿಲ್ಲ.

"ಅಷ್ಟು ಬೇಡಿಕೊಂಡ ಮೇಲೂ ಆ ಸೊಸೆ ಕ್ಷಮಿಸಲಿಲ್ಲವೇ ಗುರುಗಳೇ?"

"ಜಗಳವಾಡಿದ್ದರೆ ಎಂದೋ ಕ್ಷಮಿಸಿರುತ್ತಿದ್ದಳು ಚೆಲುವಯ್ಯ, ಅವಳು ಒಪ್ಪಿಕೊಂಡುಬಿಟ್ಟಿದ್ದಳು."