ನೆಂಟರಕಟ್ಟೆ

ಬೆಂಗಳೂರಿನ ಹಳೆಯ ಪೇಟೆಯಲ್ಲಿ, ಹಿತ್ತಾಳೆ ಪಾತ್ರೆಗಳ ಸಾಲು ಮುಗಿದು ಹೂವಿನ ಸಾಲು ಶುರುವಾಗುವಲ್ಲಿ, ಮೊಣಕಾಲೆತ್ತರದ ಒಂದು ಕಲ್ಲುಕಟ್ಟೆ ಇದೆ. ಮೇಲೆ ದೇವರಿಲ್ಲ, ಪಕ್ಕದಲ್ಲಿ ಶಾಸನವಿಲ್ಲ. ಯಾರದೋ ಸ್ಕೂಟರ್ ಮಾತ್ರ ಸದಾ ಒರಗಿರುತ್ತದೆ. ಹೆಸರು ನೆಂಟರಕಟ್ಟೆ. ರಾಜರ ಹೆಸರಿನ ಚೌಕಗಳನ್ನೂ ಗೆದ್ದ ಯುದ್ಧಗಳ ಹೆಸರಿನ ಬಾಗಿಲುಗಳನ್ನೂ ಊರೂರಲ್ಲಿ ಬೇಕಾದಷ್ಟು ನೋಡಿದ್ದೇನೆ; ನೆಂಟರ ಹೆಸರಿನದು ಎಲ್ಲೂ ಕಂಡಿಲ್ಲ. ನೆಂಟರಿಂದ ತಪ್ಪಿಸಿಕೊಳ್ಳಲೆಂದೇ ಊರು ಸುತ್ತುವವಳಾದ ನನಗೆ ಇದು ವಿಚಿತ್ರವೆನಿಸಿ, ಎದುರಿಗೆ ಹೂವು ಕಟ್ಟುತ್ತಿದ್ದ ಪಾಪಮ್ಮನನ್ನು ಕೇಳಿದೆ. ಅವರು ಹೇಳಿದ್ದು ಇದು.

ಹಿಂದೆ ಒಮ್ಮೆ, ಪೇಟೆಗೆ ಮಣ್ಣಿನ ಕೋಟೆಯೂ ಮುಳ್ಳಿನ ಬೇಲಿಯೂ ಇದ್ದ ಕಾಲದಲ್ಲಿ, ಇಲ್ಲೊಂದು ಬಾಗಿಲಿತ್ತಂತೆ. ಸಂಜೆಯ ನಗಾರಿ ಬಾರಿಸಿದ ಮೇಲೆ ಒಳಗೆ ನೆಂಟರಿದ್ದವರಿಗಷ್ಟೇ ಪ್ರವೇಶ. ಉಳಿದವರು ಹೊರಗೆ, ಚಿರತೆಗಳ ಪಾಲಿಗೆ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಮಜ್ಜಿಗೆ ಮಾರುತ್ತಿದ್ದ ಮುದುಕಿ ಹೊನ್ನಾಜಮ್ಮನಿಗೆ ಹಿಂದೂ ಮುಂದೂ ಯಾರೂ ಇರಲಿಲ್ಲ. ಆದರೂ ಕಂಚಿಯ ಕಡೆಯಿಂದ ಮಗ್ಗ ಹೊತ್ತು ಬಂದವನನ್ನು ಮೈದುನ ಎಂದಳು, ತೆಲುಗು ಸೀಮೆಯ ಗಾಣಿಗರವಳನ್ನು ಸೊಸೆ ಎಂದಳು, ಬಿಜಾಪುರದ ಕಲಾಯಿ ಸಾಬನನ್ನು ತವರಿನವನು ಎಂದಳು. ಕಾವಲುಗಾರ ಕದಿರಪ್ಪ ಗೊಣಗುತ್ತಲೇ ಬಿಡುತ್ತಿದ್ದ.

"ಅಲ್ಲ ಅಜ್ಜಿ, ನೀನು ಆಡೋ ಒಂದು ಮಾತೂ ನಿನ್ನ ಮೈದುನನಿಗೆ ತಿಳಿಯೋದಿಲ್ಲವಲ್ಲ?"

"ನನ್ನ ಗಂಡನಿಗೂ ತಿಳೀತಿರಲಿಲ್ಲ ಕಣಪ್ಪ. ಬಾಗಿಲು ತೆಗಿ."

ಹೀಗೆ ಆಕೆಯ ನೆಂಟರೇ ಮೂರು ಬೀದಿ ತುಂಬಿದಾಗ ಸುದ್ದಿ ಪಟ್ಟಣಶೆಟ್ಟರ ಕಿವಿಗೆ ಬಿತ್ತು. ಪೇಟೆಯ ಕಟ್ಟಳೆಗೆಲ್ಲ ಅವರೇ ಹಿರಿಯರು. ಕಾರ ಹುಣ್ಣಿಮೆಯೊಳಗೆ ನೆಂಟಸ್ತನ ರುಜುವಾಗಬೇಕು, ಇಲ್ಲದಿದ್ದರೆ ಅಷ್ಟೂ ಜನ ಮಕ್ಕಳುಮರಿಯೊಂದಿಗೆ ಬಾಗಿಲಾಚೆ ಎಂದು ಡಂಗುರ ಹೊಡೆಸಿದರು. ಹೊನ್ನಾಜಮ್ಮ ಏನನ್ನು ತಾನೇ ರುಜುಪಡಿಸಿಯಾಳು? ಹುಣ್ಣಿಮೆಗೆ ಎರಡು ದಿನ ಇರುವಾಗ, ಮಜ್ಜಿಗೆ ಕಡೆಯುತ್ತ ಕೂತಲ್ಲೇ ಪ್ರಾಣ ಬಿಟ್ಟಳು. ಇದ್ದೊಬ್ಬ ಸಾಕ್ಷಿಯೂ ಹೋಯಿತು, ಕೆಲಸ ಹಗುರಾಯಿತು ಎಂದುಕೊಂಡರು ಶೆಟ್ಟರು.

ಮರುದಿನ ಬೆಳಗ್ಗೆ ಪೇಟೆಯಲ್ಲಿ ಮಗ್ಗದ ಸದ್ದಿಲ್ಲ. ಗಾಣಕ್ಕೆ ಎತ್ತು ಕಟ್ಟಿಲ್ಲ. ಶೆಟ್ಟರ ಮನೆದೇವರ ದೀಪಕ್ಕೆ ಎಣ್ಣೆಯೇ ಬರಲಿಲ್ಲ. ಕೇಳಿದರೆ ಎಲ್ಲರದೂ ಒಂದೇ ಉತ್ತರ: ಸೂತಕ. ಮನೆಯವರು ಸತ್ತರೆ ಹತ್ತು ದಿನ ಕಸುಬು ಮುಟ್ಟುವ ಹಾಗಿಲ್ಲವಷ್ಟೆ. ತಮ್ಮಲ್ಲಿ ಆ ಪದ್ಧತಿಯೇ ಇಲ್ಲದ ಕಲಾಯಿ ಸಾಬನೂ ಕುಲುಮೆ ಆರಿಸಿ ಕೂತಿದ್ದ. ಸಂಜೆಯಾದರೂ ನಗಾರಿ ಕೇಳದೆ ಶೆಟ್ಟರು ಸಿಟ್ಟಿನಿಂದ ಬಾಗಿಲಿಗೆ ಬಂದರು. ಬಾಗಿಲು ಹಾರುಹೊಡೆದಿತ್ತು. ಕದಿರಪ್ಪ ತಲೆ ಬೋಳಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ.

"ಬಾಗಿಲು ಯಾಕೋ ಹಾಕಿಲ್ಲ?"

"ಸೂತಕದ ಕೈ, ಸ್ವಾಮಿ. ನಮ್ಮಪ್ಪ ಕೋಲಾರದಿಂದ ಬರಿಗೈಲಿ ಬಂದ ಸಂಜೆ, ಆಯಮ್ಮ ಅವನನ್ನು ಮಗ ಅಂದಳು. ನಾನು ಮೊಮ್ಮಗ."

ಶೆಟ್ಟರಿಗೆ ತಮ್ಮ ಮುತ್ತಾತ ಯಾರ ನೆಂಟನಾಗಿ ಒಳಬಂದಿದ್ದನೋ ನೆನಪಾಯಿತೋ ಏನೋ, ಚಪ್ಪಲಿ ಕಳಚಿ ಕದಿರಪ್ಪನ ಪಕ್ಕದಲ್ಲೇ ಕೂತರು ಎನ್ನುತ್ತಾರೆ. ಹತ್ತು ದಿನ ಬಾಗಿಲು ತೆರೆದೇ ಇತ್ತು. ಚಿರತೆ ಬರಲಿಲ್ಲ, ಜನ ಬಂದರು.

ಈಗ ಕೋಟೆಯಿಲ್ಲ, ಬಾಗಿಲಿಲ್ಲ. ಆದರೆ ಕಾರ ಹುಣ್ಣಿಮೆಗೆ ಎರಡು ದಿನ ಮುಂಚೆ ಕಟ್ಟೆಯ ಸುತ್ತಲಿನ ಅಂಗಡಿಗಳು ಮಧ್ಯಾಹ್ನದವರೆಗೂ ಶಟರ್ ಎತ್ತುವುದಿಲ್ಲ. ಹೋದ ವರ್ಷವಷ್ಟೇ ಮಾರವಾಡದಿಂದ ಬಂದ ಪಾತ್ರೆಯವರೂ ಎತ್ತುವುದಿಲ್ಲ. ದಾರಿಹೋಕರಿಗೆಲ್ಲ ಮಜ್ಜಿಗೆ ಕೊಡುತ್ತಾರೆ. ಈ ಸಲ ಆ ದಿನ ಮತ್ತೆ ಹೋದಾಗ ನನ್ನ ಕೈಗೂ ಒಂದು ಲೋಟ ಬಂತು. "ಯಾವೂರಮ್ಮ ನಿಂದು?" ಎಂದರು ಪಾಪಮ್ಮ. ಇದ್ದ ಊರುಗಳಲ್ಲಿ ಯಾವುದನ್ನು ಹೇಳಲಿ ಎಂದು ನಾನು ಹುಡುಕುತ್ತಿರುವಾಗಲೇ ಅವರು ಸ್ಕೂಟರ್ ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿದರು.

"ಹೋಗಲಿ ಬಿಡು, ಕೂತ್ಕೊಂಡು ಕುಡಿ."