ಬುತ್ತಿಗುಡ್ಡದ ಮುಷ್ಟಿಗಲ್ಲಿನ ಕಟ್ಟೆ

ಕೆಂಜಾಲಿಹಾಳದ ಪಡುವಣಕ್ಕೆ ಬುತ್ತಿಗುಡ್ಡವೆಂಬ ಕೆಂಪು ಗುಡ್ಡವಿದೆ. ಅದರ ನೆತ್ತಿಯ ಮೇಲೆ ಉದ್ದನೆಯದೊಂದು ಕಟ್ಟೆ. ಗಾರೆಯಿಲ್ಲ, ಚಪ್ಪಡಿಯಿಲ್ಲ, ಮಣ್ಣು, ಮಣ್ಣಿನಲ್ಲಿ ಒತ್ತಿದ ಕಲ್ಲು, ಅಷ್ಟೇ. ಹುಡುಕಿದರೂ ಮುಷ್ಟಿಗಿಂತ ದೊಡ್ಡ ಕಲ್ಲು ಅದರಲ್ಲಿ ಸಿಗದು. ಸುತ್ತಲೂ ಇಷ್ಟು ದೊಡ್ಡ ಬಂಡೆಗಳು ಬಿದ್ದಿರುವಾಗ ಈ ಗುಂಡುಗಲ್ಲು ಆರಿಸಿ ಕಟ್ಟಿದ ಪುಣ್ಯಾತ್ಮ ಯಾರಪ್ಪ ಎಂದು ಹೊರಗಿನವರು ನಗುತ್ತಾರೆ. ನಗಲಿ ಬಿಡಿ. ಕಥೆ ಗೊತ್ತಿಲ್ಲದವರು ಇನ್ನೇನು ಮಾಡಿಯಾರು?

ಹಿಂದೆ ಒಮ್ಮೆ ಈ ಊರಿನ ಮೇಲಿನ ಓಣಿಗೂ ಕೆಳಗಿನ ಓಣಿಗೂ ಎಣ್ಣೆ ಸೀಗೆಕಾಯಿ ಸಂಬಂಧವಿತ್ತು ಎನ್ನುತ್ತಾರೆ. ಜಗಳ ಯಾಕೆ ಹುಟ್ಟಿತೆಂದು ಯಾರಿಗೂ ನೆನಪಿರಲಿಲ್ಲ. ಬಿಡಬಾರದೆಂಬುದೊಂದು ಮಾತ್ರ ಚೆನ್ನಾಗಿ ನೆನಪಿತ್ತು. ಕಾರಹುಣ್ಣಿಮೆಯ ಮರುದಿನ ಎರಡೂ ಓಣಿಯ ಗಂಡಸರು ಈ ಗುಡ್ಡದ ಮೇಲೆ ಕಲ್ಲು ಗುಡ್ಡೆ ಹಾಕಿಕೊಂಡು ಎದುರುಬದುರು ನಿಂತು ಬೀಸುತ್ತಿದ್ದರು. ಮೇಲಿನ ಓಣಿಯ ಬಾಳವ್ವನ ಗಂಡ ಹಾಗೆಯೇ ಒಂದು ಕಣ್ಣು ಕಳೆದುಕೊಂಡಿದ್ದ. ಮಗ ಯಮನೂರ ಆ ವರ್ಷ ಮೊದಲ ಸಲ ಕಲ್ಲು ಹಿಡಿಯುವವನಿದ್ದ. ಅಪ್ಪನ ಕಣ್ಣಿನ ಸೇಡು ಮಗ ತೀರಿಸಲಿ ಎಂದು ಬಾಳವ್ವ ಕಾಯುತ್ತಿದ್ದಳು.

ಅಷ್ಟರಲ್ಲಿ ಅಡಿವೆಯ್ಯನೆಂಬ ಐಗಳು ಊರಿಗೆ ಬಂದು, ಇದೇ ಗುಡ್ಡದ ಮೇಲೆ ಮಕ್ಕಳಿಗೆ ಮರಳಿನಲ್ಲಿ ಅಕ್ಷರ ತಿದ್ದಿಸತೊಡಗಿದರು. ಅವರ ಕಟ್ಟಳೆ ಒಂದೇ: ತನ್ನ ಬುತ್ತಿಯನ್ನು ಯಾವ ಮಗುವೂ ತಾನು ಉಣ್ಣಬಾರದು, ಎದುರಿನ ಓಣಿಯ ಜೋಡಿಗೆ ಕೊಟ್ಟು ಅವನದನ್ನು ಉಣ್ಣಬೇಕು. ಓಣಿಗಳೆರಡೂ ಗುರ್ರೆಂದವು. ಆದರೆ ಅವರು ಕಲಿತು ನಾವು ಹೆಬ್ಬೆಟ್ಟಾಗಿ ಉಳಿಯುವುದೇ ಎಂಬ ಹುರುಡು ದೊಡ್ಡದು ನೋಡಿ, ಇಬ್ಬರೂ ಒಪ್ಪಿದರು. ಯಮನೂರನಿಗೆ ಜೋಡಿಯಾದವನು ಶರಭ, ಬಾಳವ್ವನ ಗಂಡನ ಕಣ್ಣಿಗೆ ಕಲ್ಲು ಬೀಸಿದವನ ಮಗ!

ತನ್ನ ಕೈಯ ರೊಟ್ಟಿ ಆ ಮನೆಯ ಕೂಸಿಗೆ ಹೋಗುವುದನ್ನು ನೆನೆದು ಬಾಳವ್ವ ದಿನಾ ಬೈಯುತ್ತಲೇ ಬುತ್ತಿ ಕಟ್ಟುತ್ತಿದ್ದಳು. ಒಂದು ದಿನ ತಡೆಯಲಾರದೆ ಪಲ್ಯಕ್ಕೆ ಹಿಡಿಗಟ್ಟಲೆ ಖಾರ ಸುರಿದು ಬುತ್ತಿ ಕಟ್ಟಿದಳು. ಶರಭನ ಅಳು ಊರಿಗೆಲ್ಲ ಕೇಳಲಿ ಎಂದು ಸಂಜೆ ಹೊಸ್ತಿಲ ಮೇಲೆ ಕೂತಳು. ಅಳುತ್ತ ಯಾರೂ ಬರಲಿಲ್ಲ. ಬಂದವನು ಯಮನೂರ, ತುಟಿ ಬಾತು ಕಣ್ಣು ಕೆಂಪಾಗಿತ್ತು.

"ಏನಾತೋ?" ಎಂದಳು.

"ಶರಭ ಒಂದು ತುತ್ತಿಗೇ ಕಣ್ಣೀರು ಹಾಕಿದ. ಅವರವ್ವನ ಬೆಣ್ಣಿ ರೊಟ್ಟಿ ಅವಗ ತಿರುಗಿ ಕೊಟ್ಟೆ. ನಿನ್ನ ಬುತ್ತಿ ಪೂರಾ ನಾನ ತಿಂದೆ."

"ಚೆಲ್ಲಬಾರದಿತ್ತೇನೋ ಹುಚ್ಚಪ್ಪಾ!"

"ಚೆಲ್ಲಿದ್ರ ನೀ ಬೇಕಂತ ಹಾಕೀದಿ ಅಂತ ಎಲ್ಲಾರಿಗೂ ತಿಳೀತಿತ್ತಲ್ಲವ್ವಾ. ನಮ್ಮ ಮನ್ಯಾಗ ದಿನಾ ಇಷ್ಟ ಖಾರ ಉಣ್ತೀವಿ ಅಂತ ಸುಳ್ಳು ಹೇಳೀನಿ."

ಬಾಳವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗಂಡನ ಕಣ್ಣು ಹೋದ ದಿನವೂ ಅಷ್ಟು ಅತ್ತಿರಲಿಲ್ಲವಂತೆ. ಈ ಕೂಸಿನ ಕೈಗೆ ಕಲ್ಲು ಕೊಡಲು ಕಾದಿದ್ದೆನಲ್ಲ, ಥೂ ನನ್ನ ಬಾಳೇ ಎಂದು ತನ್ನನ್ನೇ ಬೈದುಕೊಂಡಳು.

ಕಾರಹುಣ್ಣಿಮೆ ಬಂತು, ಮರುದಿನವೂ ಬಂತು. ಬಾಳವ್ವ ಬೆಳಗಿನಿಂದ ಬಡಿದ ರೊಟ್ಟಿಯ ಬುಟ್ಟಿಯನ್ನು ತಲೆಯ ಮೇಲಿಟ್ಟು ಗುಡ್ಡ ಹತ್ತುವಾಗಲೇ ಗಂಡನ ಗರ್ಜನೆ ಕೇಳಿಸಿತು. "ಒಗಿಯೋ! ಕೈಗೇನಾಗೈತಿ?" ಅವನು ಮಗನ ಕೈಗೆ ಕಲ್ಲು ತುರುಕಿದ್ದ. ಎದುರಿಗೆ ಶರಭ, ಅವನ ಕೈಯಲ್ಲೂ ಕಲ್ಲು.

"ಉಂಡ ಮನಿಗೆ ಎರಡು ಬಗೀಬಾರದು ಅಂತ ನೀನ ಹೇಳ್ತಿದ್ದೆಲ್ಲಪ್ಪಾ," ಎಂದ ಯಮನೂರ. "ದಿನಾ ಅವರ ಮನಿ ರೊಟ್ಟಿ ಉಂಡೀನಿ. ಹ್ಯಾಂಗ ಒಗೀಲಿ?"

ಅಪ್ಪ ಮಗನ ಕೈಯ ಕಲ್ಲು ಕಿತ್ತುಕೊಂಡು ತಾನೇ ತೋಳೆತ್ತಿದ. ಅಷ್ಟರಲ್ಲಿ ಬಾಳವ್ವ ನೇರವಾಗಿ ಎರಡೂ ದಂಡಿನ ನಡುವೆ ನಡೆದು ಬುಟ್ಟಿ ಇಳಿಸಿ ಕೂತುಬಿಟ್ಟಳು. "ಬಾರೋ ಶರಭಾ! ಅವತ್ತು ಖಾರ ಬೇಕಂತ ಹಾಕಿದ್ದೆ, ನಂದು ತಪ್ಪಾತು. ಇವತ್ತ ಬೆಣ್ಣಿ ತಂದೀನಿ, ಬಾ ನನ್ನಪ್ಪಾ!" ಎಂದು ಇಡೀ ಗುಡ್ಡಕ್ಕೆ ಕೇಳುವಂತೆ ಕೂಗಿದಳು.

ಶರಭ ಕಲ್ಲು ಬಿಸಾಕಿ ಓಡಿಬಂದ. ಹಿಂದೆಯೇ ಯಮನೂರ, ಆಮೇಲೆ ಎರಡೂ ಓಣಿಯ ಮಕ್ಕಳೆಲ್ಲ ಹೋ ಎಂದು ನುಗ್ಗಿ ಜೋಡಿಜೋಡಿಯಾಗಿ ಕೂತು ರೊಟ್ಟಿ ಮುರಿದರು. ಕಲ್ಲೆತ್ತಿದ ಮೀಸೆಗಳು ಈಗ ಬೀಸುವುದಾದರೂ ಎಲ್ಲಿಗೆ? ನಡುವೆ ಅವರವರ ಮಕ್ಕಳೇ! ಕಲ್ಲುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಶರಭನ ಅವ್ವ ಮೊಸರಿನ ಗಡಿಗೆ, ರೊಟ್ಟಿಯ ಗಂಟು ಹೊತ್ತು ಬಂದು ಬಾಳವ್ವನ ಪಕ್ಕ ಕೂತಳು. ಕೊನೆಯ ಕಲ್ಲು ಬಾಳವ್ವನ ಗಂಡನದು. ಅವನು ಅದನ್ನು ಮಗನ ಮುಂದೆ ಮೆಲ್ಲಗೆ ಇಟ್ಟು, "ನನಗೂ ಒಂದು ರೊಟ್ಟಿ ಕೊಡವ್ವಾ" ಎಂದು ಶರಭನ ಅವ್ವನ ಮುಂದೆ ಕೈ ಚಾಚಿದ. ಗುಡ್ಡ ಹಾರಿಹೋಗುವಂತೆ ಜನ ಕೇಕೆ ಹಾಕಿದರು ಎನ್ನುತ್ತಾರೆ.

ಎರಡೂ ಕಡೆಯ ಕಲ್ಲುಗುಡ್ಡೆಗಳನ್ನು ಮಕ್ಕಳು ಹೊತ್ತು ತಂದರು, ಐಗಳು ಮಣ್ಣು ಕಲಸಿದರು, ಕಟ್ಟೆಯಾಯಿತು. ಯಾವ ಕಲ್ಲು ಯಾವ ಓಣಿಯದೆಂದು ಇವತ್ತು ಬ್ರಹ್ಮನೂ ಹೇಳಲಾರ. ಬುತ್ತಿ ಬದಲಿಸುವ ಪದ್ಧತಿ ಮಾತ್ರ ಊರ ಶಾಲೆಯಲ್ಲಿ ಇನ್ನೂ ಇದೆ. ಕಟ್ಟೆಯ ಮೇಲೆ ಮಣ್ಣಿಗೆ ಅಂಟದ ಒಂದು ಒಂಟಿ ಕಲ್ಲನ್ನು ನೀವೂ ನೋಡಬಹುದು; ಅದು ಬಾಳವ್ವನ ಗಂಡನದು. ಶಾಲೆಗೆ ಸೇರುವ ಪ್ರತಿ ಮಗುವನ್ನೂ ಮೊದಲ ದಿನ ಇಲ್ಲಿಗೆ ಕರೆತಂದು ಆ ಕಲ್ಲನ್ನು ಕೈಗೆ ಕೊಡುತ್ತಾರೆ. ಮಗು ಅದನ್ನೆತ್ತಿ, ಭಾರ ನೋಡಿ, ಮತ್ತೆ ಅಲ್ಲೇ ಇಡಬೇಕು. ಎತ್ತಿದವರು ಎಷ್ಟೋ ತಲೆಮಾರಿನವರು. ಒಗೆದವರು ಇಲ್ಲಿಯವರೆಗೆ ಒಬ್ಬರೂ ಇಲ್ಲ.