ಉಣ್ಣೆ ಕತ್ತರಿಸಿದ ದಿನ

"ಗುರುಗಳೇ, ದುಡಿಯಲು ಶುರು ಮಾಡಿ ವರ್ಷವಾಯಿತು. ಸಂಬಳದಲ್ಲಿ ಒಂದು ಪಾಲನ್ನು ತಿಂಗಳು ತಿಂಗಳೂ ಮ್ಯೂಚುವಲ್ ಫಂಡಿಗೆ ಹಾಕುತ್ತಿದ್ದೇನೆ. ಮೊದಮೊದಲು ಏರುತ್ತಿತ್ತು. ಈಗ ಹಾಕಿದ್ದಕ್ಕಿಂತಲೂ ಕೆಳಗೆ ಬಂದಿದೆ. ಉಳಿದಷ್ಟನ್ನಾದರೂ ತೆಗೆದುಬಿಡಲೇ?" ಎಂದು ಹಾಲಪ್ಪನೆಂಬ ಶಿಷ್ಯ ಕೇಳಿದ.

"ಯಾವ ಖರ್ಚಿಗೆಂದು ಹಾಕಿದೆ?"

"ಮುಪ್ಪಿನ ಕಾಲಕ್ಕೆ, ಗುರುಗಳೇ."

ಮೀಸೆ ಇನ್ನೂ ಸರಿಯಾಗಿ ದಟ್ಟವಾಗದ ಹುಡುಗನ ಬಾಯಲ್ಲಿ ಮುಪ್ಪಿನ ಮಾತು ಕೇಳಿ ಗುರುಗಳಿಗೆ ನಗು ಬಂತು. ಸಂತೋಷವೂ ಆಯಿತು. ಕೂತುಕೋ ಎಂದು ಕತೆ ಹೇಳತೊಡಗಿದರು.

ಒಬ್ಬ ಕಲ್ಲುಕುಟಿಗನಿದ್ದ. ಹರೆಯದವನು. ಬೀಸುಕಲ್ಲು, ಒರಳುಕಲ್ಲು ಮಾಡಿ ಮಾರುತ್ತಿದ್ದ. ಅವನ ತಂದೆಯೂ ಅದೇ ಕೆಲಸದವನು. ಸುತ್ತಿಗೆ ಹಿಡಿದೂ ಹಿಡಿದೂ ತಂದೆಯ ಕೈ ನಡುಗಲು ಹತ್ತಿತು. ಉಳಿಯ ಮೇಲೆ ಬೀಳಬೇಕಾದ ಪೆಟ್ಟು ಬೆರಳಿನ ಮೇಲೆ ಬೀಳುವಂತಾಯಿತು. ಅಂದಿನಿಂದ ಅವನು ಊಟಕ್ಕೂ ಎಲೆ ಅಡಿಕೆಗೂ ಮಗನ ಮುಖ ನೋಡಬೇಕಾಯಿತು. ಮಗ ಪ್ರೀತಿಯಿಂದಲೇ ಕೊಡುತ್ತಿದ್ದ. ಆದರೂ ಕೇಳುವಾಗ ತಂದೆ ತಲೆ ತಗ್ಗಿಸುತ್ತಿದ್ದ. ಅದನ್ನು ನೋಡಿ ಮಗನಿಗೆ ಸಂಕಟವಾಗುತ್ತಿತ್ತು. ನನ್ನ ಕೈಯೂ ಒಂದು ದಿನ ನಡುಗುತ್ತದೆ, ಆ ದಿನ ನಾನು ಯಾರ ಮುಂದೆಯೂ ತಲೆ ತಗ್ಗಿಸಬಾರದು ಎಂದು ಅವನು ನಿಶ್ಚಯಿಸಿದ.

ಮೊದಲು ಅವನು ಉಳಿದ ಕಾಸನ್ನೆಲ್ಲ ಗಡಿಗೆಯಲ್ಲಿ ಹಾಕಿ ಒಲೆಯ ಪಕ್ಕ ಹೂತಿಟ್ಟ. ಸಂತೆಯಲ್ಲಿ ಎಲ್ಲದರ ಬೆಲೆಯೂ ಏರುತ್ತಿತ್ತು, ಗಡಿಗೆಯಲ್ಲಿದ್ದದ್ದು ಮಾತ್ರ ಇದ್ದ ಹಾಗೇ ಇತ್ತು. ಆ ಊರಿನ ಬಯಲಿಗೆ ಒಬ್ಬ ಕುರಿಗಾರ ಮಂದೆ ಹೊಡೆದುಕೊಂಡು ಬರುತ್ತಿದ್ದ. ಕಲ್ಲುಕುಟಿಗ ತನ್ನ ಚಿಂತೆಯನ್ನು ಅವನ ಮುಂದೆ ಹೇಳಿಕೊಂಡ.

"ಒಂದು ಹೆಣ್ಣು ಕುರಿ ಕೊಂಡು ನನ್ನ ಮಂದೆಗೆ ಪಾಲಿಗೆ ಬಿಡಪ್ಪ," ಎಂದ ಕುರಿಗಾರ. "ಮೇಯಿಸೋದು ನನ್ನ ಕೆಲಸ. ಹುಟ್ಟಿದ ಮರಿಯಲ್ಲಿ ಅರ್ಧ ನಿನಗೆ, ಅರ್ಧ ನನಗೆ. ನಿನ್ನ ಪಾಲಿನ ಹೆಣ್ಣುಮರಿ ಮಾರಬೇಡ. ಅದೂ ಬೆಳೆದು ಮರಿ ಹಾಕ್ತದೆ. ಒಂದೆರಡು ಸಾಯೋದೂ ಉಂಟು. ಆಮೇಲೆ ನನ್ನ ಮೇಲೆ ಕೂಗಾಡಬೇಡ, ಈಗಲೇ ಹೇಳಿದೀನಿ."

ಕಲ್ಲುಕುಟಿಗ ಒಪ್ಪಿದ. ಮನೆಯಲ್ಲಿ ಕಾಯಿಲೆ ಕಸಾಲೆ ಬಂದರೆ ಇರಲಿ ಎಂದು ಒಂದಷ್ಟನ್ನು ಗಡಿಗೆಯಲ್ಲೇ ಬಿಟ್ಟು, ಉಳಿದದ್ದರಲ್ಲಿ ಒಂದು ಕುರಿ ಕೊಂಡ. ಪ್ರತಿ ಸುಗ್ಗಿಯಲ್ಲಿ ಇನ್ನೊಂದನ್ನು ಸೇರಿಸಿದ. ಮರಿಗಳು ಹುಟ್ಟಿದವು. ಬಿಡುವಾದಾಗಲೆಲ್ಲ ಬಯಲಿಗೆ ಹೋಗಿ ತನ್ನ ಕುರಿಗಳ ಬೆನ್ನು ಸವರಿ ಬರುವುದು ಅವನಿಗೆ ಅಭ್ಯಾಸವಾಯಿತು. ಬೆನ್ನು ಸವರಿದರೆ ಕುರಿ ಬೆಳೆಯುತ್ತದೆಯೇ? ಅವನಿಗೆ ಸಮಾಧಾನ, ಅಷ್ಟೆ.

ಒಂದು ದಿನ ಹೋಗಿ ನೋಡಿದರೆ ಕುರಿಗಳೆಲ್ಲ ಗಾತ್ರದಲ್ಲಿ ಅರ್ಧಕ್ಕೆ ಇಳಿದಿದ್ದವು. ಬೆನ್ನುಮೂಳೆ ಕಾಣುತ್ತಿತ್ತು, ಕಾಲುಗಳು ಕಡ್ಡಿಯಾಗಿದ್ದವು. ಅಂದು ಬೆಳಿಗ್ಗೆಯಷ್ಟೇ ಅವುಗಳ ಉಣ್ಣೆ ಕತ್ತರಿಸಿದ್ದರು. ಹಿಂದೆಲ್ಲ ಆ ಕೆಲಸ ಮಂದೆ ಬೇರೆ ಊರಿನಲ್ಲಿದ್ದಾಗ ಆಗುತ್ತಿತ್ತು, ಇವನು ನೋಡಿರಲಿಲ್ಲ. ಕಲ್ಲು ನೋಡಿ ಬೆಳೆದವನಿಗೆ ಅದೇನು ಗೊತ್ತು? ಕಲ್ಲು ಒಮ್ಮೆ ಸಣ್ಣದಾದರೆ ಮತ್ತೆ ದೊಡ್ಡದಾಗುವುದಿಲ್ಲ. ಕುರಿಗಾರ ಪರಿಪರಿಯಾಗಿ ಹೇಳಿದ. ಇವನು ಕೇಳಲಿಲ್ಲ. ಅಲ್ಲೇ ಇದ್ದ ಮಾಂಸದ ವ್ಯಾಪಾರಿಗೆ ಸಿಕ್ಕ ಬೆಲೆಗೆ ಎಲ್ಲವನ್ನೂ ಕೊಟ್ಟುಬಿಟ್ಟ. ಒಂದು ಕುಂಟ ಕುರಿ ಮಾತ್ರ ಉಳಿಯಿತು. ವ್ಯಾಪಾರಿಗೆ ಅದು ಬೇಡವಾಗಿತ್ತು.

ಮಳೆಗಾಲ ಮುಗಿಯುವಷ್ಟರಲ್ಲಿ ಮಂದೆಯ ಮೈಮೇಲೆ ಉಣ್ಣೆ ಮತ್ತೆ ತುಂಬಿತು. ಕುಂಟ ಕುರಿಯ ಮಗ್ಗುಲಲ್ಲಿ ಒಂದು ಹೆಣ್ಣುಮರಿ ನಿಂತಿತ್ತು. ಕಲ್ಲುಕುಟಿಗ ಅದನ್ನು ನೋಡಿ ಅಲ್ಲೇ ಕುಳಿತು ಅತ್ತ. ಕಳೆದುಕೊಂಡ ಕುರಿಗಳಿಗಾಗಿ ಅತ್ತನೋ, ತನ್ನ ದಡ್ಡತನಕ್ಕೆ ಅತ್ತನೋ, ಅವನಿಗೇ ಗೊತ್ತಾಗಲಿಲ್ಲ. ಆದರೆ ಅತ್ತು ಸುಮ್ಮನಾಗುವ ಪೈಕಿಯವನಲ್ಲ ಅವನು. ಮುಖ ಒರೆಸಿಕೊಂಡು ಕುರಿಗಾರನಿಗೆ ಹೇಳಿದ: ಮತ್ತೆ ಶುರು ಮಾಡುತ್ತೇನೆ. ಆದರೆ ನನ್ನ ಕೈ ನಡುಗುವ ತನಕ ಒಂದು ಕುರಿಯನ್ನೂ ನನಗೆ ಕೊಡಬೇಡ. ನಾನೇ ಬಂದು ಕಾಲಿಗೆ ಬಿದ್ದರೂ ಕೊಡಬೇಡ.

ಕುಂಟ ಕುರಿ, ಅದರ ಮರಿ, ಆಮೇಲೆ ಸುಗ್ಗಿಗೊಂದರಂತೆ ಹೊಸ ಕುರಿ. ಈ ಸಲ ಎಲ್ಲವನ್ನೂ ಒಂದೇ ಮಂದೆಗೆ ಬಿಡದೆ ಕೆಲವನ್ನು ಕುರಿಗಾರನ ತಮ್ಮನ ಮಂದೆಗೂ ಸೇರಿಸಿದ. ವರ್ಷಗಳು ಉರುಳಿದವು. ಒಂದು ವರ್ಷ ಕುರಿಗಳಿಗೆ ಬೇನೆ ಬಂತು. ತಮ್ಮನ ಮಂದೆಯಲ್ಲಿ ಬಹಳ ಕುರಿ ಸತ್ತವು. ಕಲ್ಲುಕುಟಿಗ ಓಡಿ ಬಂದ. ಉಳಿದದ್ದನ್ನಾದರೂ ಕೊಟ್ಟುಬಿಡು, ಮಾರಿಬಿಡುತ್ತೇನೆ ಎಂದು ಕೂಗಾಡಿದ. ಕುರಿಗಾರ ಸಿಟ್ಟಾಗಲಿಲ್ಲ.

"ಎಲ್ಲಿ, ಕೈ ಚಾಚು," ಎಂದ.

ಕಲ್ಲುಕುಟಿಗ ಕೈ ಚಾಚಿದ. ಕೈ ಕಲ್ಲಿನ ಹಾಗೆ ನಿಂತಿತ್ತು.

"ಹೋಗಿ ಕೆಲಸ ನೋಡು."

ಅವನು ಗೊಣಗುತ್ತಾ ಮನೆಗೆ ಹೋದ. ಆ ಸುಗ್ಗಿಯಲ್ಲೂ ಒಂದು ಕುರಿ ತಂದು ಬಿಟ್ಟ. ಬೇನೆಯ ಭಯಕ್ಕೆ ಎಲ್ಲರೂ ಮಾರುತ್ತಿದ್ದುದರಿಂದ ಆ ವರ್ಷ ಕುರಿ ಅಗ್ಗವಾಗಿತ್ತು. ಒಂದರ ಬೆಲೆಗೆ ಎರಡು ಬಂದವು.

ಕೊನೆಗೊಂದು ದಿನ ಸುತ್ತಿಗೆಯ ಪೆಟ್ಟು ಅವನ ಬೆರಳಿನ ಮೇಲೆ ಬಿತ್ತು. ಅವನು ಉಳಿ ಸುತ್ತಿಗೆಗಳನ್ನು ಮಗನಿಗೆ ಕೊಟ್ಟು ಬಯಲಿಗೆ ನಡೆದ. ಬಾಯಿ ಬಿಟ್ಟು ಏನನ್ನೂ ಕೇಳಲಿಲ್ಲ. ಸುಮ್ಮನೆ ಕೈ ಚಾಚಿ ನಿಂತ. ಮುದುಕನಾಗಿದ್ದ ಕುರಿಗಾರ ಆ ನಡುಗುವ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡ. ಆಮೇಲೆ ಹಟ್ಟಿಯ ಬಾಗಿಲು ತೆರೆದ. ಕಲ್ಲುಕುಟಿಗನ ಪಾಲಿನ ಕುರಿಗಳು ಒಂದರ ಹಿಂದೆ ಒಂದು ಹೊರಗೆ ಬಂದವು. ಬರುತ್ತಲೇ ಇದ್ದವು. ಅಂದಿನಿಂದ ಅವನು ಬೇಕಾದಾಗ ಒಂದೊಂದು ಟಗರು ಮಾರಿಕೊಂಡು, ತಲೆಯೆತ್ತಿಕೊಂಡು ಬದುಕಿದ.

ಗುರುಗಳು ಕತೆ ಮುಗಿಸಿದರು. ಹಾಲಪ್ಪ ಜೇಬಿನಿಂದ ಫೋನ್ ತೆಗೆದು ತೋರಿಸಿದ.

"ಅವನಿಗೇನೋ ಒಳ್ಳೆಯ ಕುರಿಗಾರ ಸಿಕ್ಕಿದ, ಗುರುಗಳೇ. ನನ್ನನ್ನು ಹಾಗೆ ತಡೆಯುವವರು ಯಾರಿದ್ದಾರೆ? ಬೆರಳು ಒತ್ತಿದರೆ ಸಾಕು, ಹಣ ಹೊರಗೆ ಬರುತ್ತದೆ."

ಗುರುಗಳು ಅವನ ಹತ್ತಿರ ಸರಿದು ಕುಳಿತರು.

"ಎಲ್ಲಿ, ಆ ಬೆರಳಿರುವ ಕೈ ಚಾಚು, ನೋಡೋಣ."